ಪರಸವ್ವನ ಮನೆ ಮುಂದಿನ ನಳ

ಸಿಡಿಬಾವಿ, ತಾ. ಟಿಕೋಟಾ
೧೮ ಫೆಬ್ರವರಿ ೨೦೨೪

ಮಗಳು ಸಂಘಮಿತ್ರಾಗೆ,

ಜೈ ಭೀಮ. ಈ ಕಾಗದವನ್ನು ಯಾಸೀನನ ಟೆಂಪೋದಲ್ಲಿ, ನೀರಿನ ಶೀಶೆಗಳ ಡಬ್ಬಿಯೊಳಗೇ ಇಟ್ಟು ಕಳಿಸುತ್ತಿದ್ದೇನೆ. ಇನ್ನು ಮೇಲೆ ನನಗೆ ಫೋನು ಮಾಡಬೇಡ. ಮೂವತ್ತೊಂದು ವರ್ಷ ಪಂಪಿನ ಮೋಟಾರಿನ ಪಕ್ಕ ಕುಳಿತ ಕಿವಿಗಳು ಇವು. ಮೊನ್ನೆ ನೀನು ಅಷ್ಟೊತ್ತು ಮಾತಾಡಿದೆ, ನನಗೆ ಕೇಳಿದ್ದು ಭರ್ರ್ ಅನ್ನುವ ಸದ್ದು ಮಾತ್ರ. ನಿನ್ನ ತಮ್ಮ ಅಜಿತ ನಡುವೆ ನಿಂತು ಒದರಿ ಹೇಳುತ್ತಾನೆ. ಅರ್ಧ ನಿನ್ನ ಮಾತು, ಅರ್ಧ ಅವನೇ ಕೂಡಿಸಿದ್ದು ಎಂದು ನನ್ನ ಅನುಮಾನ. ಮೊಬೈಲಿನ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ. ಕಾಗದವಾದರೆ ಎರಡು ಸಲ ಓದಬಹುದು. ಏಳನೆಯ ತರಗತಿಯವರೆಗೆ ಓದಿದ್ದಕ್ಕೆ ಇದೊಂದಾದರೂ ಉಪಯೋಗ.

ನಮ್ಮ ಊರಿನ ನೀರಿನ ಪರೀಕ್ಷೆ ಇನ್ನು ನಿಮ್ಮ ಪ್ರಯೋಗಾಲಯದಲ್ಲೇ ಆಗುತ್ತದೆ, ವರದಿಗೆ ನೀನೇ ಸಹಿ ಹಾಕುತ್ತೀ ಎಂದು ಪಂಚಾಯ್ತಿಯಲ್ಲಿ ಹೇಳಿದರು. ಅಧ್ಯಕ್ಷರು ಎಲ್ಲರ ಮುಂದೆ, "ದಶರಥನ ಮಗಳು ಈಗ ಸಾಹೇಬಳಾಗ್ಯಾಳ" ಅಂದರು. ನಾನು ತಲೆ ತಗ್ಗಿಸಿ ನಿಂತೆ, ಆದರೆ ಒಳಗೆ ಹಿಗ್ಗಿದೆ. ನಮ್ಮವ್ವ, ನಿಮ್ಮ ಅಜ್ಜಿ, ಊರ ಬಾವಿಯ ಕಟ್ಟೆ ಏರುವ ಹಾಗಿರಲಿಲ್ಲ. ಕೆಳಗೆ ಕೊಡ ಇಟ್ಟು, ಯಾರಾದರೂ ಪುಣ್ಯವಂತರು ಸೇದಿ ಹಾಕಲಿ ಎಂದು ಕಾಯುತ್ತಿದ್ದಳು. ಅವಳ ಮಗನ ಕೈಯಲ್ಲಿ ಇಡೀ ಊರಿನ ನೀರಿನ ಚಾವಿ. ಅವಳ ಮೊಮ್ಮಗಳು ಆ ನೀರು ಕುಡಿಯಬಹುದೋ ಇಲ್ಲವೋ ಎಂದು ಬರೆದು ಕೊಡುವವಳು.

ನೀನು ಹೇಳಿಕೊಟ್ಟ ಹಾಗೆಯೇ, ಲೈನಿನ ಕಟ್ಟಕಡೆಯ ನಳದಲ್ಲಿ ಶೀಶೆ ತುಂಬಿದ್ದೇನೆ. ಚೀಟಿಯ ಮೇಲೆ 'ಪರಸವ್ವನ ಮನೆ ಮುಂದಿನ ನಳ' ಎಂದು ಬರೆದಿದ್ದೇನೆ. ನಮ್ಮಕ್ಕ ಪರಸವ್ವ ಅದನ್ನು ಓದಿಸಿಕೊಂಡು, "ನನ್ನ ಹೆಸರು ಬಿಜಾಪುರಕ್ಕ ಹೊಂಟೈತಿ, ನಾ ಮಾತ್ರ ಇಲ್ಲೇ ಉಳದೇನಿ ನೋಡು" ಎಂದು ನಕ್ಕಳು. ತಾಯಿಯಿಲ್ಲದ ನಿನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳಿಗೂ ಒಂದು ಸಾಲು ಬರೆ.

ಅಜಿತನಿಗೆ ಬಬಲೇಶ್ವರ ರಸ್ತೆಯ ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಶರಬತ್ತು, ಕುಡಿಯುವ ನೀರು ಬಾಟಲಿಗೆ ತುಂಬುವ ಕಾರ್ಖಾನೆ. ಸದ್ಯಕ್ಕೆ ಕಾಯಂ ಅಲ್ಲ.

ನಿನ್ನ ತಂದೆ,
ದಶರಥ

ವಿಜಯಪುರ
೨೭ ಫೆಬ್ರವರಿ ೨೦೨೪

ಅಪ್ಪಾ,

ಜೈ ಭೀಮ. ನಿನ್ನ ಕಾಗದವನ್ನು ನಿಖತ ಮೊದಲು ನೋಡಿದಳು. ನನ್ನ ಜೊತೆ ಕೆಲಸ ಮಾಡುವ ಹುಡುಗಿ. ಶೀಶೆಗಳ ಡಬ್ಬಿ ಬಿಚ್ಚಿ, "ಇದ್ಯಾವ ಊರಿನ ನೀರು, ಕಾಗದಾನೂ ಬರದೈತಿ?" ಅಂದಳು. ಇಡೀ ಪ್ರಯೋಗಾಲಯ ನಕ್ಕಿತು. ಪ್ರಯೋಗಾಲಯ ಎಂದರೆ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮೂರು ಕೋಣೆ. ಖಾಸಗಿಯವರದು, ಪಂಚಾಯ್ತಿಗಳಿಂದ ಗುತ್ತಿಗೆ ಹಿಡಿದಿದ್ದಾರೆ. ನಾನು ಸಿದ್ಧೇಶ್ವರ ಗುಡಿಯ ಹತ್ತಿರದ ಬಾಡಿಗೆ ಕೋಣೆಯಿಂದ ನಡೆದೇ ಹೋಗುತ್ತೇನೆ.

ನಿನ್ನ ನೀರು ಪಾಸಾಗಿದೆ. ಬರೀ ಪಾಸಲ್ಲ, ಈ ತಿಂಗಳು ಬಂದ ಹಳ್ಳಿಗಳಲ್ಲೆಲ್ಲ ನಿನ್ನದೇ ಚೊಕ್ಕ. ನಮ್ಮ ತರಬೇತಿಯಲ್ಲಿ ಒಬ್ಬರು ಹೇಳಿದ್ದರು: ಹೊರದೇಶದ ಊರುಗಳಲ್ಲಿ ಪೈಪು ಹಗಲಿರುಳು ತುಂಬಿಯೇ ಇರುತ್ತದಂತೆ, ಒಳಗಿನ ಒತ್ತಡಕ್ಕೆ ಹೊರಗಿನ ಹೊಲಸು ಒಳನುಗ್ಗಲು ಆಗುವುದೇ ಇಲ್ಲ. ನಮ್ಮಲ್ಲಿ ಒಂದು ತಾಸು ನೀರು ಬಿಡುತ್ತೇವೆ, ಆಮೇಲೆ ಪೈಪು ಬರಿದು. ಬರಿದಾದ ಪೈಪು ಬಾಯಿ ತೆರೆದುಕೊಂಡು ಕುಳಿತ ಹಾಗೆ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಗಟಾರದ ನೀರನ್ನು ಹೀರಿಕೊಳ್ಳುತ್ತದೆ. ಕಟ್ಟಕಡೆಯ ನಳದಲ್ಲಿ ಅದೆಲ್ಲ ಬಂದು ಸೇರುತ್ತದೆ. ಅದಕ್ಕೇ ನಾವು ಕೊನೆಯ ನಳದ ನೀರನ್ನೇ ಕೇಳುವುದು.

ಆದರೆ ನಿನ್ನ ಶೀಶೆಯಲ್ಲಿ, ಅರ್ಧ ದಿನ ಟೆಂಪೋದಲ್ಲಿ ಕುಲುಕಾಡಿ ಬಂದ ಮೇಲೂ ಕ್ಲೋರಿನ್ ಉಳಿದಿತ್ತು. ಪರೀಕ್ಷೆಯ ಮದ್ದಿನ ಹನಿ ಹಾಕಿದ ಕೂಡಲೇ ಅರಿಶಿನ ಕದಡಿದ ಹಾಗೆ ಹಳದಿಯಾಯಿತು. ಪಂಪಿನ ಮನೆಯಲ್ಲಿ ಹಾಕಿದ ಕ್ಲೋರಿನ್ ಪುಡಿ ನಮ್ಮ ಕೇರಿಯವರೆಗೆ ಹೇಗೆ ಉಳಿಯಿತು? "ಒಮ್ಮೆ ಹೋಗಿ ನೋಡಿ ಬಾ, ಇಲ್ಲಾಂದ್ರ ನಿಮ್ಮಪ್ಪ ಜಾದೂಗಾರ ಇರಬೇಕು" ಎಂದು ನಿಖತ ಅಂದಳು. ಮೂವತ್ತೊಂದು ವರ್ಷದ ಕೈ ಅದು ಎಂದೆ. ಹೇಗೆ ಮಾಡಿದೆ ಎಂದು ಬರೆ, ಬೇರೆ ಊರಿನವರಿಗೂ ಹೇಳುತ್ತೇನೆ.

ಪರಸವ್ವ ಅತ್ತಿಗೆ ಹೇಳು: ನಿನ್ನ ಹೆಸರಿನ ನೀರಿಗೆ ನಾನೇ ಸಹಿ ಹಾಕಿದೆ ಅಂತ.

ಸಂಘಮಿತ್ರಾ

ಸಿಡಿಬಾವಿ
೨೦ ಏಪ್ರಿಲ್ ೨೦೨೪

ಮಗಳೇ,

ಎರಡು ಡಬ್ಬಿ ಬರೀ ಶೀಶೆಗಳನ್ನೇ ಕಳಿಸಿದೆ, ಕಾಗದ ಇಡಲು ಆಗಲಿಲ್ಲ. ಬಿಸಿಲು. ಬಾಬಾಸಾಹೇಬರ ಜಯಂತಿಯ ಕೆಲಸ ಬೇರೆ. ನೀನು ಬರುತ್ತೀಯಾ ಎಂದು ಎಲ್ಲರೂ ಕೇಳಿದರು. ರಜೆ ಸಿಗಲಿಲ್ಲ ಎಂದು ಹೇಳಿದೆ.

ಕ್ಲೋರಿನ್ ಬಗ್ಗೆ ಕೇಳಿದ್ದೀ. ಅಂದು ಪುಡಿ ಒಂದು ಹಿಡಿ ಹೆಚ್ಚು ಬಿದ್ದಿರಬಹುದು. ಅದರಲ್ಲೇನೂ ಜಾದೂ ಇಲ್ಲ.

ನಮ್ಮ ಕೇರಿಯಲ್ಲಿ ನೀರು ಸ್ವಲ್ಪ ಕಡಿಮೆ ಬೀಳುತ್ತಿದೆ. ಪೈಪು ಹಳೆಯದು. ಹೆಂಗಸರು ವಾಸನೆ ಎನ್ನುತ್ತಾರೆ. ಹೋದ ತಿಂಗಳು ಪರಸವ್ವನ ಸೊಸೆ ಆಮ್ರಪಾಲಿ ನಾಲ್ಕು ಮಂದಿಯನ್ನು ಕಟ್ಟಿಕೊಂಡು, ಕೊಡದಲ್ಲಿ ನೀರು ಹಿಡಿದುಕೊಂಡು ಪಂಚಾಯ್ತಿಗೇ ಹೋಗಿದ್ದಳು. ಅಧ್ಯಕ್ಷರು ನಿನ್ನ ವರದಿ ತೆಗೆದು ಅವರ ಮುಂದೆ ಹಿಡಿದರಂತೆ. "ನೋಡ್ರಿ, ಪರಸವ್ವನ ಮನಿ ಮುಂದಿನ ನಳ ಅಂತ ಬರದೈತಿ. ಕುಡಿಯಾಕ ಯೋಗ್ಯ ಅಂತ ಐತಿ. ಸಹಿ ಯಾರದು? ನಿಮ್ಮ ಕೇರಿ ಹುಡುಗೀದ. ಆಕೀ ಮ್ಯಾಲೂ ನಂಬಿಗಿ ಇಲ್ಲೇನು?" ಹೆಂಗಸರು ಕೊಡ ಎತ್ತಿಕೊಂಡು ತಿರುಗಿ ಬಂದರು. ಆ ವರದಿಯನ್ನು ಈಗ ಪಂಚಾಯ್ತಿಯ ಬಾಗಿಲಿಗೆ ಅಂಟಿಸಿದ್ದಾರೆ.

ಪರಸವ್ವ ಜನವರಿಯಿಂದ ಬೀರಣ್ಣನ ತೋಟದ ಬಾವಿಗೆ ಹೋಗಿ ಕುಡಿಯುವ ನೀರು ತರುತ್ತಿದ್ದಳು. ಕುರಿ ಕಾಯುವ ಬೀರಣ್ಣ ನಿನಗೆ ಗೊತ್ತಲ್ಲ, ಯಾರಿಗೂ ಬೇಡ ಎನ್ನುವವನಲ್ಲ. ಈಗ ಅವಳು ಹೋಗುವುದನ್ನು ಬಿಟ್ಟಿದ್ದಾಳೆ. "ಇನ್ನೊಂದಿಷ್ಟು ದಿನ ಬಾವಿ ನೀರೇ ಕುಡಿ, ಅಕ್ಕಾ" ಎಂದು ನಾನು ಹೇಳಿದೆ. ಕೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಸಂಘಿ ಸಹಿ ಮಾಡ್ಯಾಳ. ಮೊಣಕಾಲ ನೋವಿಟಗೊಂಡು ಆ ಬಾವೀಗಿ ಯಾಕ ಸಾಯಾಕ ಹೋಗಲಿ?" ಎಂದು ಕೂಗಿದಳು.

ಅಜಿತನ ಕೆಲಸ ನಡೆದಿದೆ. ಮಳೆಗಾಲದ ಹೊತ್ತಿಗೆ ಕಾಯಂ ಮಾಡುತ್ತಾರಂತೆ.

ದಶರಥ

ವಿಜಯಪುರ
೨೯ ಏಪ್ರಿಲ್ ೨೦೨೪

ಅಪ್ಪಾ,

ಮೂರನೆಯ ಸಲವೂ ನೀರು ಪಾಸು. ಅಧ್ಯಕ್ಷರು ನನ್ನ ವರದಿಯನ್ನು ಬಾಗಿಲಿಗೆ ಅಂಟಿಸಿದ್ದು ಓದಿ, ನಿಜ ಹೇಳಬೇಕೆಂದರೆ, ನನಗೆ ಹೆಮ್ಮೆಯೇ ಆಯಿತು. ಒಂದು ಕಾಲಕ್ಕೆ ಅದೇ ಬಾಗಿಲಲ್ಲಿ ನೀನು ಚಪ್ಪಲಿ ಕಳಚಿ ನಿಲ್ಲುತ್ತಿದ್ದೆ.

ಒಂದು ಮಾತು ತಿಳಿಯಲಿಲ್ಲ. ನಳದ ನೀರು ಇಷ್ಟು ಚೆನ್ನಾಗಿರುವಾಗ ಅತ್ತಿಗೆ ಬಾವಿಯ ನೀರು ಕುಡಿ ಎಂದು ಯಾಕೆ ಹೇಳಿದೆ? ತೆರೆದ ಬಾವಿ ಅದು, ಪಕ್ಷಿ ಬೀಳುತ್ತವೆ, ಎಲೆ ಬೀಳುತ್ತವೆ. ಅವಳು ಮಾಡಿದ್ದೇ ಸರಿ. ವಾಸನೆ ಅನ್ನುವುದು ಪೈಪಿನ ತುಕ್ಕಿನದೂ ಇರಬಹುದು. ಆಮ್ರಪಾಲಿಗೆ ಹಾಗೆಂದು ಹೇಳು.

ನಿಖತ ಮತ್ತೆ ಕ್ಲೋರಿನ್ ವಿಷಯ ತೆಗೆದಳು. ಪ್ರತಿ ಸಲವೂ ಒಂದು ಹಿಡಿ ಹೆಚ್ಚು ಬೀಳುತ್ತದೇನು ಎಂದಳು. ನಮ್ಮಪ್ಪನ ಬಗ್ಗೆ ಮಾತಾಡಬೇಡ ಎಂದು ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ. ಎರಡು ದಿನ ಮಾತು ಬಿಟ್ಟಿದ್ದಳು.

ಸಂಘಮಿತ್ರಾ

ವಿಜಯಪುರ
೨೪ ಜೂನ್ ೨೦೨೪

ಅಪ್ಪಾ,

ಅತ್ತಿ ತೀರಿಕೊಂಡಾಗ ನಾನು ಮಣ್ಣಿಗೆ ಬಂದಿದ್ದ ಮೂರು ದಿನವೂ ನೀನು ನನ್ನ ಮುಖ ನೋಡಲಿಲ್ಲ. ದುಃಖಕ್ಕೆ ಎಂದುಕೊಂಡೆ. ನೀನು ಕೇಳಲಾರೆ, ನಾನು ಅಷ್ಟು ಜನರ ನಡುವೆ ಕೂಗಲಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಮಳೆಗೆ ಗಟಾರ ತುಂಬಿ ಹರಿಯಿತು, ಮೂರನೆಯ ದಿನ ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು ಎಂದು ಆಮ್ರಪಾಲಿ ಹೇಳಿದಳು. ನಲವತ್ತು ಮಂದಿ ಮಲಗಿದ್ದರು. ಮೇಲಿನ ಓಣಿಯಲ್ಲಿ ಒಬ್ಬರಿಗೂ ಏನೂ ಆಗಿಲ್ಲ. ಅತ್ತಿಯನ್ನು ದವಾಖಾನೆಗೆ ಒಯ್ಯುವಾಗ ದಾರಿಯುದ್ದಕ್ಕೂ ನೀರು ಕೇಳಿದಳಂತೆ. ಆಮ್ರಪಾಲಿ ಮನೆಯಿಂದ ತುಂಬಿಕೊಂಡ ತಂಬಿಗೆಯಲ್ಲೇ ಕುಡಿಸಿದಳಂತೆ. ಅದೇ ನಳದ ನೀರು. ಅದನ್ನು ಹೇಳುವಾಗ ಅವಳ ಕಣ್ಣಲ್ಲಿ ಹನಿ ಇರಲಿಲ್ಲ.

ಮಣ್ಣಿಗೆ ಬಂದವರಿಗೆ ಕಾರ್ಖಾನೆಯವರು ಪುಕ್ಕಟೆಯಾಗಿ ಬಾಟಲಿ ನೀರು ಕಳಿಸಿದ್ದರು. ಅಜಿತನೇ ಡಬ್ಬ ಒಡೆದು ಹಂಚಿದ. ನಾನೂ ಒಂದು ಕುಡಿದೆ. ತಣ್ಣಗಿತ್ತು, ಹಿತವಾಗಿತ್ತು. ನಮ್ಮ ನಳದಲ್ಲಿ ಬಾರದ ನೀರು ಬಬಲೇಶ್ವರ ರಸ್ತೆಯಲ್ಲಿ ಎಲ್ಲಿಂದ ಬರುತ್ತದೆ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಹೊರಡುವ ಮುನ್ನ ಅತ್ತಿಯ ಮನೆ ಮುಂದಿನ ನಳದಲ್ಲಿ ನಾನೇ ಶೀಶೆ ತುಂಬಿಕೊಂಡೆ. ಹನಿ ಹಾಕಿದೆ. ಹಳದಿಯ ಸುಳಿವೂ ಇಲ್ಲ. ನೀರು ಇದ್ದ ಹಾಗೆಯೇ ಇತ್ತು. ನಾನು ಬಗ್ಗಿ ತುಂಬುತ್ತಿದ್ದಾಗ ಆಮ್ರಪಾಲಿ ಹಿಂದೆ ಬಂದು ನಿಂತಿದ್ದಳು.

"ಮತ್ತ ಸಹಿ ಮಾಡಾಕೇನಬೇ?"

ನಾನು ಶೀಶೆಯ ಮುಚ್ಚಳ ಬಿಗಿಮಾಡಿದೆ.

"ಮುದುಕಿ ಸಾಯೂತನಕಾ ಅದನ್ನ ಹೇಳ್ತಿದ್ಲು. ನೀರು ನಾರತೈತಿ ಅಂದ್ರ, ನಮ್ಮ ಸಂಘಿಗಿಂತ ನಿನ್ನ ಮೂಗು ಶಾಣ್ಯಾ ಏನು ಅಂತ ನನಗ ಬೈತಿದ್ಲು."

ಪರೀಕ್ಷೆಯ ಮದ್ದು ಹಾಕಿಟ್ಟ ಆ ಶೀಶೆ ಇಲ್ಲಿಗೆ ತಂದ ಎರಡನೆಯ ದಿನ ಕಪ್ಪಾಯಿತು, ಇದ್ದಿಲ ನೀರಿನ ಹಾಗೆ. ಒಳಗೆ ಹೊಲಸಿದ್ದರೆ ಹಾಗಾಗುತ್ತದೆ. ನಿಖತ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮೇಜಿನ ಮೇಲಿಟ್ಟು ಹೋದಳು.

ಈ ನೀರು ಒಂದೇ ಮಳೆಗೆ ಹೀಗಾದದ್ದಲ್ಲ. ಫೆಬ್ರವರಿಯಲ್ಲಿ ನೀನು ಕಳಿಸಿದ್ದು ಇದೇ ನಳದ ನೀರಲ್ಲ.

ಆ ಶೀಶೆಗಳನ್ನು ಎಲ್ಲಿ ತುಂಬಿದೆ?

ಸಂಘಮಿತ್ರಾ

ಸಿಡಿಬಾವಿ
೫ ಜುಲೈ ೨೦೨೪

ಮಗಳೇ,

ನಿನ್ನ ಕಾಗದ ತಲುಪಿತು. ಇಲ್ಲಿ ಪುರಸೊತ್ತೇ ಇಲ್ಲ. ದಿನಕ್ಕೊಬ್ಬರು ಸಾಹೇಬರು ಬರುತ್ತಾರೆ. ಗಟಾರ ಬಳಿಯುತ್ತಿದ್ದಾರೆ, ಎಲ್ಲ ಕಡೆ ಬಿಳಿ ಪುಡಿ ಚೆಲ್ಲಿದ್ದಾರೆ. ಕೇರಿಗೆ ದಿನ ಬಿಟ್ಟು ದಿನ ಟ್ಯಾಂಕರು ಬರುತ್ತದೆ. ಲೈನು ಬಂದ್ ಮಾಡಿದ್ದೇವೆ. ಸಾಹೇಬರು ಕೇಳಿದ್ದಕ್ಕೆ, ಪೈಪು ಮೂವತ್ತು ವರ್ಷದ್ದು, ಬದಲಿಸಿ ಎಂದು ನಾನು ಎಂದೋ ಅರ್ಜಿ ಕೊಟ್ಟಿದ್ದೇನೆ ಎಂದು ತೋರಿಸಿದೆ. ಕೊಟ್ಟಿದ್ದು ಸುಳ್ಳಲ್ಲ.

ನಮ್ಮಕ್ಕನ ಜೊತೆ ತೀರಿಕೊಂಡ ಇನ್ನಿಬ್ಬರ ಮನೆಗೂ ಹೋಗಿ ಕುಳಿತು ಬಂದೆ. ಯಾರೂ ಚಹಾ ಕೊಡಲಿಲ್ಲ, ನಾನೂ ಎದ್ದು ಬರಲಿಲ್ಲ.

ನಿನ್ನ ಆರೋಗ್ಯ ನೋಡಿಕೋ. ನೀರು ಕಾಯಿಸಿ ಕುಡಿ.

ದಶರಥ

ವಿಜಯಪುರ
೯ ಜುಲೈ ೨೦೨೪

ಅಪ್ಪಾ,

ಶೀಶೆಗಳನ್ನು ಎಲ್ಲಿ ತುಂಬಿದೆ?

ಸಂಘಮಿತ್ರಾ

ಸಿಡಿಬಾವಿ
೨ ಆಗಸ್ಟ್ ೨೦೨೪

ಸಂಘಮಿತ್ರಾ,

ಪಂಪಿನ ಮನೆಯಲ್ಲಿ ತುಂಬಿದೆ. ಪುಡಿ ಹಾಕಿದ ಕೂಡಲೇ, ನೀರು ಮೇಲಿನ ಟಾಕಿಗೆ ಏರುವ ಮೊದಲು. ಐದು ತಿಂಗಳೂ ಅಲ್ಲಿಯೇ. ಚೀಟಿಯ ಮೇಲೆ ಅಕ್ಕನ ಹೆಸರು ಬರೆದೆ.

ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ.

ಹೋದ ಡಿಸೆಂಬರಿನಲ್ಲಿ ಅಧ್ಯಕ್ಷರು ಕಾರ್ಖಾನೆಯ ಮ್ಯಾನೇಜರನನ್ನು ಕರೆದುಕೊಂಡು ಪಂಪಿನ ಮನೆಗೆ ಬಂದರು. ಮೋಟಾರು ಬಂದ್ ಮಾಡಿಸಿದರು. ಅಧ್ಯಕ್ಷರು ನನ್ನ ಭುಜದ ಮೇಲೆ ಕೈ ಹಾಕಿ, ಕಿವಿಯ ಹತ್ತಿರ ಬಾಯಿ ತಂದು ಹೇಳಿದರು.

"ದಶರಥ, ನೀರು ಟಾಕೀಗಿ ಏರೂ ಮೊದ್ಲ ಒಂದು ಪೈಪ್ ಕಾರ್ಖಾನಿ ಕಡೆ ತಿರಗಸ್ತೇವಿ. ದಿನಾ ಮುಂಜಾನೆ ಎರಡು ತಾಸು ಅತ್ತಾಗ ಬಿಡು. ಅವರ ಬೋರಿಗೆ ನೀರು ಬೀಳೂಮಟಾ ಅಷ್ಟ."

"ಊರಿಗೆ ಕಡಿಮಿ ಬೀಳತೈತ್ರಿ."

"ಊರಿಗೆ ಯಾಕ ಬೀಳತೈತಿ? ಕಡೀಕ ಇದ್ದವರಿಗೆ ಒಂದೀಟು ಬೀಳತೈತಿ. ನಿಮ್ಮವರ ಅಲ್ಲೇನು? ನೀ ಹೇಳಿದ್ರ ಕೇಳ್ತಾರ."

ಮ್ಯಾನೇಜರ ಬೇರೇನೂ ಮಾತಾಡಲಿಲ್ಲ. "ಮಗ ಏನು ಓದ್ಯಾನ್ರಿ?" ಎಂದು ಒಂದೇ ಮಾತು ಕೇಳಿದ. ಹೊಸ ವರ್ಷಕ್ಕೆ ಅಜಿತ ಕೆಲಸಕ್ಕೆ ಹೋದ.

ಪರೀಕ್ಷೆ ನಿಮ್ಮಲ್ಲಿಗೆ ಬಂದಾಗ ಅಧ್ಯಕ್ಷರು ಶೀಶೆಗಳನ್ನು ನನ್ನ ಕೈಗೆ ಕೊಡುತ್ತಾ, "ಕಡೀ ನಳಕ್ಕ ಯಾಕ ಅಡ್ಡಾಡ್ತಿ? ಇಲ್ಲೇ ತುಂಬಿಬಿಡು" ಅಂದರು. ನೀರು ಒಂದೇ, ಎಲ್ಲಿ ತುಂಬಿದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ ಎಂದು ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

ನಾನು ಅಂಜಿ ಮಾಡಿದೆ ಎಂದು ನೀನು ಎಂದುಕೊಳ್ಳಬಹುದು. ಅದೂ ಪೂರ್ತಿ ನಿಜವಲ್ಲ. ಮೂವತ್ತೊಂದು ವರ್ಷ ಆ ಮನುಷ್ಯ, ಅವನ ಅಪ್ಪ, ಯಾರೂ ನನ್ನ ಮೈ ಮುಟ್ಟಿ ಮಾತಾಡಿದವರಲ್ಲ. ಚಾವಿ ಬೇಕಾದರೆ ನೆಲದ ಮೇಲಿಡು ಎನ್ನುತ್ತಿದ್ದರು. ಅಂದು ಭುಜದ ಮೇಲೆ ಕೈ ಹಾಕಿದ. ಆ ಕೈಯ ಭಾರ ಇನ್ನೂ ಇದೆ, ಸಂಘಿ. ಆ ಹೊತ್ತಿಗೆ ಅವನು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದೆನೋ ಏನೋ. ನನ್ನ ಮಗಳಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದೇ ಖರೆ.

ನಾರುವ ನೀರಿನಿಂದ ಹೊಟ್ಟೆ ನೋಯಬಹುದು, ಸಾಯುತ್ತಾರೆ ಎಂದುಕೊಂಡಿರಲಿಲ್ಲ. ಅಕ್ಕನಿಗೆ ಮಾತ್ರ ಬಾವಿ ನೀರು ಕುಡಿ ಎಂದೆ. ನಲವತ್ತು ಮನೆಗಳಲ್ಲಿ ಒಬ್ಬಳಿಗೆ ಮಾತ್ರ ಹೇಳಿದೆ. ಅವಳೂ ಕೇಳಲಿಲ್ಲ.

ನೀನು ಏನು ಮಾಡುತ್ತೀಯೋ ಮಾಡು. ಕಾರ್ಖಾನೆಯ ಹೆಸರು ಮಾತ್ರ ತೆಗೆಯಬೇಡ. ಅಜಿತನ ಬದುಕು ಈಗಷ್ಟೇ ಶುರುವಾಗಿದೆ.

ದಶರಥ

ವಿಜಯಪುರ
೨೦ ಆಗಸ್ಟ್ ೨೦೨೪

ಅಪ್ಪಾ,

ನಿನ್ನ ಕಾಗದ ಓದಿ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಹೋದ ದಿನ ನೆಟ್ಟಗೆ ಮಾಲೀಕರ ಕೋಣೆಗೆ ಹೋಗಿ, ಸಿಡಿಬಾವಿಯ ಐದೂ ವರದಿ ಸುಳ್ಳು, ವಾಪಸು ತೆಗೆದುಕೊಳ್ಳಬೇಕು ಎಂದೆ.

"ಸುಳ್ಳು ಹೆಂಗ? ನಮ್ಮ ಕೈಗೆ ಬಂದ ನೀರು ಚೊಕ್ಕ ಇತ್ತು, ಚೊಕ್ಕ ಐತಿ ಅಂತ ಬರದೇವಿ. ತಂದವರು ಎಲ್ಲಿಂದ ತಂದ್ರು ಅನ್ನೂದು ನಮಗ ಸಂಬಂಧ ಇಲ್ಲ."

"ತಂದವರು ನಮ್ಮಪ್ಪ ಅದಾರ್ರಿ."

ಅವರು ಎದ್ದು ಬಾಗಿಲು ಮುಚ್ಚಿದರು. ಬೈಯಲಿಲ್ಲ. "ಅಂದಮ್ಯಾಲಂತೂ ಬಾಯಿ ಮುಚಗೊಂಡ ಇರವಾ. ನಿನ್ನ ನೌಕರಿನೂ ಉಳೀತೈತಿ, ಅಪ್ಪನೂ ಉಳೀತಾನ" ಎಂದರು. ಕೆಟ್ಟ ಮನುಷ್ಯನಲ್ಲ ಅವರು. ನಿಮ್ಮ ಅಧ್ಯಕ್ಷರೂ ಹೀಗೇ ಮೆತ್ತಗೆ ಮಾತಾಡಿರಬೇಕು.

ನಾನು ಜಿಲ್ಲೆಯ ತನಿಖಾಧಿಕಾರಿಗೆ ಬರೆದು ಕೊಟ್ಟಿದ್ದೇನೆ. ಶೀಶೆ ಎಲ್ಲಿ ತುಂಬಿತು, ಯಾರು ತುಂಬಿದರು, ನೀರು ಎಲ್ಲಿಗೆ ಹೋಗುತ್ತಿತ್ತು, ಎಲ್ಲವನ್ನೂ. ನಿನ್ನ ಹೆಸರು ಬರೆದಿದ್ದೇನೆ. ಕಾರ್ಖಾನೆಯ ಹೆಸರೂ ಬರೆದಿದ್ದೇನೆ. ಆ ಸಂಜೆಯೇ ನನ್ನನ್ನು ಕೆಲಸದಿಂದ ಬಿಡಿಸಿದರು. ನಿಖತ ಬಸ್ ನಿಲ್ದಾಣದವರೆಗೂ ಜೊತೆಗೆ ಬಂದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಯಾಕೆ ಗೊತ್ತೇ? ಫೆಬ್ರವರಿಯಲ್ಲೇ ಅವಳು ಹೋಗಿ ನೋಡಿ ಬಾ ಎಂದಿದ್ದಳು. ಟಿಕೋಟಾ ಎಷ್ಟು ದೂರ? ಬೇರೆ ಊರಿನ ಶೀಶೆಯಾಗಿದ್ದರೆ ಮರುದಿನವೇ ಹೋಗುತ್ತಿದ್ದೆ. ನಿನ್ನ ಕೈಬರಹ ನೋಡಿ ಹೋಗಲಿಲ್ಲ. ಅತ್ತಿ ನನ್ನ ಸಹಿ ನಂಬಿದಳು, ನಾನು ನಿನ್ನ ಅಕ್ಷರ ನಂಬಿದೆ.

ಆ ಭುಜದ ಮೇಲಿನ ಕೈಯ ಮಾತು ಬರೆದಿದ್ದೀ. ಅದನ್ನು ಓದಿದಾಗ ನಿನ್ನ ಮೇಲೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಆ ಕೈಯನ್ನು ನೀನು ಮೂರು ಹೆಣದಿಂದ ಕೊಂಡುಕೊಂಡೆ, ಅಪ್ಪಾ. ನೀರಿಗಾಗಿ ಬಾಬಾಸಾಹೇಬರು ಕೆರೆಗೆ ಇಳಿದರೆಂದು ಪ್ರತಿ ವರ್ಷ ನಮಗೆ ಹೇಳುತ್ತಿದ್ದವನು ನೀನು.

ಅಜಿತ ಫೋನು ಮಾಡಿದ್ದ. "ನೀ ನಮ್ಮ ಅಕ್ಕ ಅಲ್ಲ" ಎಂದು ಇಟ್ಟುಬಿಟ್ಟ.

ಸಂಘಮಿತ್ರಾ

ಸಿಡಿಬಾವಿ
೬ ಅಕ್ಟೋಬರ್ ೨೦೨೪

ಸಂಘಮಿತ್ರಾಗೆ,

ನನ್ನನ್ನು ಕೆಲಸದಿಂದ ತೆಗೆದರು. ಚಾವಿ ಕೊಡಲು ಹೋದಾಗ ಅಧ್ಯಕ್ಷರು, "ಅಲ್ಲೇ ನೆಲದ ಮ್ಯಾಲ ಇಡು" ಎಂದರು.

ತನಿಖೆಯ ಸಾಹೇಬರು ಬಂದಿದ್ದರು. ನನಗೆ ಕೇಳಿಸುವುದಿಲ್ಲವೆಂದು, ನಡೆದದ್ದನ್ನು ಬರೆದು ಕೊಡು ಎಂದು ಕಾಗದ ಕೊಟ್ಟರು. ಎಲ್ಲವನ್ನೂ ಬರೆದೆ, ಕಾರ್ಖಾನೆಯ ಪೈಪು ಸಹಿತ. ನೀನು ಹೆಸರು ತೆಗೆದ ಮೇಲೆ ನಾನು ಮುಚ್ಚಿ ಏನು ಮಾಡಲಿ? ಸಾಹೇಬರು ಓದಿದರು. ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಆಮೇಲೆ ಮೊದಲೇ ಟೈಪು ಮಾಡಿಸಿ ತಂದಿದ್ದ ಬೇರೆ ಕಾಗದ ತೆಗೆದು ಸಹಿ ಹಾಕು ಎಂದು ಬೆರಳಿಟ್ಟು ತೋರಿಸಿದರು. ಅದರಲ್ಲಿ, ವಾಟರ್‌ಮನ್ ದಶರಥನು ಸೋಮಾರಿತನದಿಂದ ಶೀಶೆಗಳನ್ನು ಪಂಪಿನ ಮನೆಯಲ್ಲೇ ತುಂಬಿದನು, ಅವನ ಮಗಳು ಗೊತ್ತಿದ್ದೂ ಪಾಸು ಮಾಡಿದಳು ಎಂದಿತ್ತು. ಕಾರ್ಖಾನೆಯ ಮಾತೇ ಇಲ್ಲ. ನಾನು ಸಹಿ ಹಾಕಲಿಲ್ಲ. ಸಹಿ ನಿರಾಕರಿಸಿದನು ಎಂದು ಕೆಳಗೆ ಬರೆದುಕೊಂಡು ಹೋದರು.

ಹೋದ ತಿಂಗಳು ಪಂಚಾಯ್ತಿಯಲ್ಲಿ ಠರಾವು ಪಾಸಾಗಿದೆ. ಕಾರ್ಖಾನೆಗೆ ದಿನಕ್ಕೆ ಎರಡು ತಾಸು ನೀರು ಕೊಡುವುದು ಈಗ ಕಾಯಿದೆ ಪ್ರಕಾರ. ಅಜಿತನನ್ನು ಕಾಯಂ ಮಾಡಿದ್ದಾರೆ, ಅಲ್ಲಿಯ ನೀರಿನ ವಾಲ್ವ್ ನೋಡಿಕೊಳ್ಳುವುದು ಅವನ ಕೆಲಸ. ಕಾರ್ಖಾನೆಯ ಕೋಣೆಯಲ್ಲೇ ಇರುತ್ತಾನೆ, ಮನೆಗೆ ಬರುವುದಿಲ್ಲ.

ನಾನು ದಿನಾ ಬೀರಣ್ಣನ ಬಾವಿಯಿಂದ ಸೈಕಲ್ಲಿನ ಮೇಲೆ ಎರಡು ಕೊಡ ತಂದು ಆಮ್ರಪಾಲಿಯ ಕಟ್ಟೆಯ ಮೇಲೆ ಇಡುತ್ತೇನೆ. ಮೊದಲ ದಿನ ನನ್ನ ಮುಂದೆಯೇ ಗಟಾರಕ್ಕೆ ಸುರಿದಳು. ಈಗ ಸುರಿಯುವುದಿಲ್ಲ, ಎಮ್ಮೆಗೆ ಇಡುತ್ತಾಳೆ. ತಾನು ಮಾತ್ರ ಬಿಸಿಲಲ್ಲಿ ಬಾವಿಗೆ ನಡೆದು ಹೋಗಿ ತನ್ನ ಕೊಡ ತಾನೇ ತರುತ್ತಾಳೆ.

ಸಾಹೇಬರ ಕಿಸೆಗೆ ಹೋದದ್ದನ್ನೇ ಮತ್ತೆ ಬರೆದು, ಸಹಿ ಮಾಡಿ, ಬೀರಣ್ಣನದೂ ಸಾಕ್ಷಿ ಸಹಿ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಅಧ್ಯಕ್ಷರ ಹೆಸರು, ಮ್ಯಾನೇಜರನ ಹೆಸರು, ತಾರೀಕು ಎಲ್ಲ ಇದೆ. ಅಜಿತನ ಕೆಲಸಕ್ಕಾಗಿ ಮಾಡಿದೆ ಎಂದೂ ಬರೆದಿದ್ದೇನೆ. ಇದನ್ನು ಕೊಟ್ಟರೆ ಅವನ ಕೆಲಸ ಹೋಗುತ್ತದೆ, ಗೊತ್ತು. ಕೊಡು.

ಯಾಸೀನ ಈಗ ನನ್ನ ಕಾಗದ ಒಯ್ಯುವುದಿಲ್ಲ. ಟಪಾಲಿಗೆ ಹಾಕಲು ಟಿಕೋಟಾಕ್ಕೆ ಬಂದಿದ್ದೇನೆ.

ದಶರಥ

ವಿಜಯಪುರ
೧೧ ನವೆಂಬರ್ ೨೦೨೪

ಅಪ್ಪಾ,

ನಿನ್ನ ಹೇಳಿಕೆಯನ್ನು ಈ ಸಲ ಒಬ್ಬರ ಕೈಗೆ ಕೊಡಲಿಲ್ಲ. ನಿಖತ ಆರು ಪ್ರತಿ ಮಾಡಿಸಿಕೊಟ್ಟಳು. ಆರು ಕಚೇರಿಗೆ ಕೊಟ್ಟು, ಆರು ಕಡೆಯೂ ತಲುಪಿದ ಸಿಕ್ಕಾ ಹಾಕಿಸಿಕೊಂಡಿದ್ದೇನೆ. ಈಗ ಮರುವಿಚಾರಣೆ ಎಂದು ಪತ್ರ ಬಂದಿದೆ. ಇದೇ ಇಪ್ಪತ್ತೈದಕ್ಕೆ, ಮುಂಜಾನೆ ಹನ್ನೊಂದಕ್ಕೆ, ವಿಜಯಪುರದಲ್ಲಿ. ಆರೋಪಿಗಳು ಎಂದು ಇಬ್ಬರ ಹೆಸರಿವೆ: ಒಂದು ನಿನ್ನದು, ಒಂದು ನನ್ನದು. ಅಧ್ಯಕ್ಷರು, ಮ್ಯಾನೇಜರ ಸಾಕ್ಷಿದಾರರಂತೆ. ವಕೀಲರನ್ನು ಕೇಳಿದೆ. ನಾವಿಬ್ಬರೂ ಒಪ್ಪಿಕೊಂಡರೆ ನಮಗೆ ಶಿಕ್ಷೆ ಖಂಡಿತ, ಅವರಿಗೆ ಆಗುತ್ತದೆಂದು ಹೇಳಲಾಗದು ಎಂದರು. ಆದರೆ ನಾವು ಒಪ್ಪಿಕೊಳ್ಳದಿದ್ದರೆ ಆ ಪೈಪಿನ ಮಾತು ಯಾವ ಕಾಗದದ ಮೇಲೂ ಏರುವುದಿಲ್ಲ.

ನಾನು ಒಪ್ಪಿಕೊಳ್ಳುತ್ತೇನೆ. ನೀನೂ ಬಾ.

ನಾನು ನಿನಗೆ ಬರೆದ ಕಾಗದಗಳನ್ನೆಲ್ಲ ತಾ, ಹೆಮ್ಮೆಪಟ್ಟು ಬರೆದವನ್ನೂ. ಬಸ್ಸಿಳಿದಲ್ಲಿ ನಿಲ್ಲು, ನಾನು ಬರುತ್ತೇನೆ. ಮನೆಗೆ ಕರೆಯುವುದಿಲ್ಲ. ನಿನ್ನ ಜೊತೆ ಕುಳಿತು ಉಣ್ಣಲು ನನ್ನಿಂದ ಇನ್ನೂ ಆಗದು. ಎಂದಾದರೂ ಆಗುತ್ತದೆಂದು ಮಾತು ಕೊಡಲಾರೆ.

ಆದರೆ ಅಲ್ಲಿ ಅವರು ಕೇಳುವ ಪ್ರಶ್ನೆಗಳು ನಿನಗೆ ಕೇಳಿಸುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕುಳಿತು ಬರೆದು ತೋರಿಸಬೇಕು. ಬೇರೆಯವರು ಬರೆದರೆ ಒಂದು ಬಿಡುತ್ತಾರೆ, ಒಂದು ತಿರುಚುತ್ತಾರೆ. ಅದಕ್ಕೆ ನಾನೇ ಕೂರುತ್ತೇನೆಂದು ಅರ್ಜಿ ಕೊಟ್ಟಿದ್ದೇನೆ, ಒಪ್ಪಿದ್ದಾರೆ. ಅತ್ತಿಯ ಬಗ್ಗೆ ಕೇಳುತ್ತಾರೆ. ಆ ಇನ್ನಿಬ್ಬರ ಬಗ್ಗೆ ಕೇಳುತ್ತಾರೆ. ಅವರು ಕೇಳಿದ ಹಾಗೆಯೇ ಬರೆದು ನಿನ್ನ ಮುಂದೆ ಇಡುತ್ತೇನೆ. ಒಂದು ಪ್ರಶ್ನೆಯನ್ನೂ ಮೆತ್ತಗೆ ಮಾಡುವುದಿಲ್ಲ.

ನಿನ್ನ ಮಗಳು,
ಸಂಘಮಿತ್ರಾ